ದಲ್ಮೂಕನ ಟರ್ಬೊ ವಿದ್ಯೆ

ದಲ್ಮೂಕನು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಶುಕ್ರವಾರ ಬೆಳಗ್ಗೆ, ಮಸೀದಿಯ ಹಿತ್ತಲಿನ ಖರ್ಜೂರದ ಮರಗಳಿಗೆ ನೀರು ಬಿಡುತ್ತಿದ್ದಾಗ. ಅವನ ಹೆಂಡತಿಯ ಅಣ್ಣ ಗಾನಿಮನು ಬಂದು, ಗೇಟಿನ ಹೊರಗೇ ನಿಂತು, "ಹಿರಿಯರೆ, ಭಾವ ಹೋಗ್ಬಿಟ್ರು" ಎಂದನು. ನಲ್ಲಿ ನಿಲ್ಲಿಸುವುದನ್ನು ಮರೆತು ನಾನು ಹಾಗೆಯೇ ನಿಂತೆ. ದೇವರಿಂದ ಬಂದವರು ದೇವರಲ್ಲಿಗೇ ಮರಳುತ್ತೇವೆ. ದುಬೈಯಾಚೆಯ ನಮ್ಮ ಧೈದ್ ಊರಿನ ಎಷ್ಟೋ ಮನೆಗಳ ಬಾಗಿಲಲ್ಲಿ ಇಮಾಮನಾಗಿ ನಿಂತು ಈ ಮಾತನ್ನು ಹೇಳಿ ಬಂದವನು ನಾನು. ಆ ದಿನ ಅದನ್ನು ಗಾನಿಮನೇ ನನಗೆ ಹೇಳಬೇಕಾಯಿತು. ದಲ್ಮೂಕನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವನು ಆ ಕಡೆ ಸೀನಿದರೆ ನಾನು ಈ ಕಡೆಯಿಂದ "ದೇವರು ಕರುಣಿಸಲಿ" ಎನ್ನುತ್ತಿದ್ದೆ.

ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದೆವು. ಮರುದಿನ ಮನೆಯ ಮುಂದೆ ಶಾಮಿಯಾನ ಹಾಕಿ ದುಃಖ ಕೇಳಲು ಬರುವವರಿಗಾಗಿ ಕುಳಿತಿದ್ದಾಗ, ಅಲ್ ಐನ್ ಕಡೆಯಿಂದ ಯಾರಿಗೂ ಗುರುತಿಲ್ಲದ ದಪ್ಪ ಮನುಷ್ಯನೊಬ್ಬನು ಬೀದಿಯ ಕಿಟಕಿಗಳನ್ನೆಲ್ಲ ನಡುಗಿಸುವ ಗಾಡಿಯಲ್ಲಿ ಬಂದಿಳಿದನು. ನಮ್ಮ ಪದ್ಧತಿಯಂತೆ ಒಬ್ಬೊಬ್ಬರ ಮೂಗಿಗೂ ಮೂಗು ತಾಗಿಸಿ ಸಮಾಧಾನ ಹೇಳಿದನು. ಆಮೇಲೆ ಕಣ್ಣೊರೆಸಿಕೊಳ್ಳುತ್ತ, "ಇನ್ನು ನಮ್ಮ ಗಾಡಿಗಳಿಗೆ ಟರ್ಬೊ ಆರಿಸಿಕೊಡೋರು ಯಾರು, ಹಿರಿಯರೆ? ಆ ವಿದ್ಯೆ ಅವರ ಜೊತೇಲೇ ಹೋಯ್ತಲ್ಲ" ಎಂದು ಅತ್ತನು.

ಕುಳಿತವರೆಲ್ಲ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜಗಳು ಅಲುಗುತ್ತಿದ್ದುದನ್ನು ಕಂಡು, ಪಾಪ, ಆ ಮನುಷ್ಯನು ಇನ್ನೂ ಜೋರಾಗಿ ಅತ್ತನು.

ಸತ್ತವರ ಮೇಲೆ ಇಲ್ಲದ ದೋಷವನ್ನು ಹೊರಿಸಬಾರದೆಂದು ನಮಗೆ ಕಲಿಸಿದ್ದಾರೆ. ಇಲ್ಲದ ವಿದ್ಯೆಯನ್ನು ಹೊರಿಸಬಹುದೆ ಎಂಬುದನ್ನು ಮಾತ್ರ ನಾನು ಯಾವ ಗ್ರಂಥದಲ್ಲಿಯೂ ಕಾಣಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ದಲ್ಮೂಕನಿಗೆ ಪುರಸಭೆಯ ಉಗ್ರಾಣದಲ್ಲಿ ಬೀದಿದೀಪದ ಬಲ್ಬುಗಳನ್ನು ಕೊಡುವ ಕೆಲಸ. ಅವನಿಗೊಂದು ಹಳೆಯ ಬಿಳಿ ಕಾರು ಇತ್ತು. ಅದರ ಬಾನೆಟ್ಟನ್ನು ಅವನು ಒಮ್ಮೆಯೂ ತೆರೆದವನಲ್ಲ. ದಾರಿಯಲ್ಲಿ ಹೊಗೆ ಎದ್ದರೆ ಇಳಿದು, ದೂರ ನಿಂತು, ಒಂದು ಪ್ರಾರ್ಥನೆ ಹೇಳಿ, ಗಾನಿಮನಿಗೆ ಫೋನು ಮಾಡುತ್ತಿದ್ದನು. ಯಾರ ಪಡಸಾಲೆಗೆ ಹೋದರೂ ಅವನ ಜಾಗ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ. ಅವನ ಅಭಿಪ್ರಾಯವನ್ನು ಕೇಳಬೇಕೆಂದು ಯಾರಿಗೂ ತೋರಿರಲಿಲ್ಲ. ಹೇಳಬೇಕೆಂದು ಅವನಿಗೂ ತೋರಿರಲಿಲ್ಲ.

ಗಾನಿಮನು ಹಾಗಲ್ಲ. ಚಳಿಗಾಲ ಬಂದರೆ ಊರಾಚೆಯ ಹದಬಾ ಎಂಬ ದೊಡ್ಡ ಮರಳುದಿಬ್ಬವನ್ನು ಗಾಡಿಯಲ್ಲಿ ಹತ್ತುವ ಪಂದ್ಯ ನಡೆಯುತ್ತದೆ. ಅದಕ್ಕಾಗಿ ಅವನು ವರ್ಷವಿಡೀ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದನು. ಬಹಳ ಹಿಂದಿನ ಒಂದು ವರ್ಷ ಅದಕ್ಕೆ ಹೊಸ ಟರ್ಬೊ ಹಾಕಬೇಕೆಂದು ಅಲೆಪ್ಪೊದಿಂದ ಬಂದು ನೆಲೆಸಿದ ಆರ್ಮೇನಿಯದ ಮೆಕ್ಯಾನಿಕ್ ಹಗೊಪನನ್ನು ಊಟಕ್ಕೆ ಕರೆದಿದ್ದನು. ಹಗೊಪನಿಗೆ ತನ್ನ ಸಾಮಾನುಗಳ ಮೇಲೆ ಬಹಳ ಭಕ್ತಿ. ಎರಡು ಟರ್ಬೊಗಳನ್ನು ದೊಡ್ಡ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಇಟ್ಟುಕೊಂಡು ಬಂದಿದ್ದನು. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಹೌಸಿಂಗ್ ಎಂಬ ಕಬ್ಬಿಣದ ಕವಚ, ಅದರೊಳಗೆ ಟರ್ಬೈನ್ ಚಕ್ರ. ಒಂದು ಚಿಕ್ಕದು, ಒಂದು ದೊಡ್ಡದು.

"ನೋಡಿ ಗಾನಿಮ್ ಸಾಹೇಬ್ರೆ," ಎಂದು ಹಗೊಪನು ಉಪದೇಶ ಆರಂಭಿಸಿದನು, "ಎಂಜಿನ್ ಬಿಡೋ ಹೊಗೆನೇ ಈ ಚಿಪ್ಪಿನೊಳಗೆ ಹೊಕ್ಕು ಚಕ್ರ ತಿರುಗಿಸುತ್ತೆ. ಚಕ್ರ ತಿರುಗಿದ್ರೆ ಎಂಜಿನ್ನಿಗೆ ಗಾಳಿ ಒತ್ತುತ್ತೆ, ಬಲ ಬರುತ್ತೆ. ಚಿಪ್ಪು ಚಿಕ್ಕದಾದ್ರೆ ಬೇಗ ಎಚ್ಚರ ಆಗುತ್ತೆ, ಆದ್ರೆ ಮೇಲಕ್ಕೆ ಹೋಗ್ತಾ ಉಸಿರು ಕಟ್ಟುತ್ತೆ. ದೊಡ್ಡದಾದ್ರೆ ಆನೆಬಲ, ಆದ್ರೆ ನಿದ್ದೆಯಿಂದ ಏಳೋದು ತಡ."

"ಹಾಗಾದ್ರೆ ನಾನು ಯಾವುದು ಹಾಕ್ಲಿ?"

"ಅದನ್ನ ನಾನು ಹೇಳಿದ್ರೆ, ಸೋತ ದಿನ ನನ್ನ ಅಂಗಡಿ ಮುಂದೆ ಬಂದು ನಿಲ್ತೀರಿ. ನೀವೇ ಆರಿಸಿ."

ಊಟಕ್ಕೆ ಬಂದ ನೆಂಟರಿಂದ ತುಂಬಿದ್ದ ಗಾನಿಮನ ಪಡಸಾಲೆ ಎರಡು ಪಕ್ಷವಾಯಿತು. ಹತ್ತಿರ ಕೂತವರು ಚಿಕ್ಕದೆಂದರು, ಎದುರು ಕೂತವರು ದೊಡ್ಡದೆಂದರು, ಗಾಡಿಯೇ ಇಲ್ಲದವರು ಎರಡನ್ನೂ ಹಾಕೆಂದರು. ತಟ್ಟೆಯು ಕೈಯಿಂದ ಕೈಗೆ ಹೋಗುತ್ತ ಬಾಗಿಲ ಬಳಿಗೆ ಬಂತು. ಅಲ್ಲಿ ದಲ್ಮೂಕನು ಕುರಿಮಾಂಸದ ಅನ್ನವನ್ನು ತೃಪ್ತಿಯಾಗಿ ಉಂಡು, ಗೋಡೆಗೆ ಒರಗಿ ನಿದ್ದೆಹೋಗಿದ್ದನು. ಯಾರೋ ಮೊಣಕೈಯಿಂದ ತಿವಿದರು. ಅವನು ಅರೆಗಣ್ಣು ಬಿಟ್ಟಾಗ ಕಂಡದ್ದು ಬಿಳಿ ಬಟ್ಟೆಯ ಮೇಲೆ ಎರಡು ಕಂದು ಮುದ್ದೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ಒಲೆಯಲ್ಲಿ ಬೇಯಿಸಿದ ಮಾಂಸವನ್ನು ಮತ್ತೊಂದು ಸುತ್ತು ಬಡಿಸುತ್ತಿದ್ದಾರೆಂದು ಅವನು ತಿಳಿದನು. ತಟ್ಟೆ ಬಂದಾಗ ದೊಡ್ಡ ತುಂಡಿಗೆ ಕೈಹಾಕುವವನನ್ನು ನಮ್ಮಲ್ಲಿ ಸಾಕಿದವರ ಹೆಸರು ಹಿಡಿದು ಬೈಯುತ್ತಾರೆ. ದಲ್ಮೂಕನ ತಾಯಿ ಅವನನ್ನು ಚೆನ್ನಾಗಿ ಸಾಕಿದ್ದಳು. ಅವನು ಕೈಚಾಚಿ ಚಿಕ್ಕದನ್ನು ಎತ್ತಿಕೊಂಡು, "ದೇವರ ಹೆಸರಲ್ಲಿ. ನನಗೆ ಇಷ್ಟು ಸಾಕು, ಭಾವ" ಎಂದನು.

ಪಡಸಾಲೆಯ ತಲೆಗಳೆಲ್ಲ ಬಾಗಿಲ ಕಡೆ ತಿರುಗಿದವು.

ಕೈಗೆ ಭಾರ ತಗುಲಿದ ಕೂಡಲೆ ಅದು ಮಾಂಸವಲ್ಲವೆಂದು ಅವನಿಗೆ ತಿಳಿಯಿತು. ಎಲ್ಲರ ಕಣ್ಣೂ ತನ್ನ ಮೇಲಿದೆ. ಮಾಂಸವೆಂದುಕೊಂಡೆನೆಂದು ಹೇಳಿಬಿಟ್ಟಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತು. ಆದರೆ ಇಡೀ ಪಡಸಾಲೆ ತನ್ನನ್ನು ನೋಡಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ಅವನು ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗೆ ನೋಡಿ, "ಹೂಂ" ಎಂದನು.

"ಕೇಳಿದ್ರಾ?" ಎಂದನು ಹಗೊಪ, ಜವಾಬ್ದಾರಿ ತನ್ನ ತಲೆಯಿಂದ ಇಳಿದ ಸಂತೋಷದಲ್ಲಿ. "ಎಲ್ಲರೂ ಬೊಬ್ಬೆ ಹೊಡೀತಿದ್ದಾಗ ಈ ಮನುಷ್ಯ ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದ."

ಚಿಕ್ಕದನ್ನೇ ಹಾಕಿದರು. ಪಂದ್ಯದ ದಿನ ಗಾನಿಮನ ಗಾಡಿ ಹದಬಾ ದಿಬ್ಬವನ್ನು ಹತ್ತಿ ಆಚೆಗೆ ಇಳಿಯಿತು. ಅಂದು ಸಂಜೆ ಮಸೀದಿಯಿಂದ ಬರುವಾಗ ದಲ್ಮೂಕನು ನನಗೆ ಮಾಂಸದ ಸಂಗತಿಯನ್ನು ಹೇಳಿದನು. "ಅವರಿಗೂ ಹೇಳಿಬಿಡು" ಎಂದೆ. "ಹೇಳ್ತೀನಿ ಅಣ್ಣ, ಆದ್ರೆ ಇವತ್ತು ಭಾವನ ಪಡಸಾಲೇಲಿ ದಿಂಬಿನ ಪಕ್ಕ ಕೂರಿಸಿದ್ರು. ಒಂದೆರಡು ದಿನ ಕೂತು ಹೇಳ್ತೀನಿ" ಎಂದನು. ಅದರ ಮೇಲೆ ಅವನಿಗೆ ಪುರುಸೊತ್ತೇ ಆಗಲಿಲ್ಲ.

ನಮ್ಮಲ್ಲಿ ಅತಿಥಿಗೆ ಏನಾದರೂ ಬೇಕಾಗಿದ್ದರೆ ಅವನು ಕಾಫಿಯ ಬಟ್ಟಲನ್ನು ಕುಡಿಯದೆ ನೆಲದ ಮೇಲೆ ಇಡುತ್ತಾನೆ. ಆಗ ಮನೆಯವನು, "ಕುಡೀರಿ, ಕೊಟ್ಟಾಯಿತು" ಎನ್ನಬೇಕು. ಕಾಫಿ ಆರಿಹೋದರೆ ಮನೆಗೆ ಅವಮಾನ. ಜಾಣರು ಮೊದಲು ಏನು ಬೇಕೆಂದು ಕೇಳಿ ಆಮೇಲೆ ಕೊಟ್ಟಾಯಿತೆನ್ನುತ್ತಾರೆ. ದಲ್ಮೂಕನ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಬಟ್ಟಲನ್ನು ನೆಲಕ್ಕೆ ಇಟ್ಟವರಿರಲಿಲ್ಲವಾಗಿ ಅವನಿಗೆ ಅದರ ಅಭ್ಯಾಸವಿರಲಿಲ್ಲ. ಬಟ್ಟಲು ನೆಲ ಮುಟ್ಟುವ ಮೊದಲೇ ಅವನ ಬಾಯಿಂದ "ಕೊಟ್ಟಾಯಿತು" ಹೊರಟುಬಿಡುತ್ತಿತ್ತು.

ಒಬ್ಬೊಬ್ಬರಾಗಿ ಬಂದರು. ಎಲ್ಲರಿಗೂ ಅವನು, "ಚಿಕ್ಕದು ಸಾಕು" ಎನ್ನುತ್ತಿದ್ದನು. ಗೆದ್ದವರು ಅವನನ್ನು ಹೊಗಳಿದರು. ಸೋತವರು ಟಯರಿನ ಗಾಳಿಯನ್ನು ಬೈದರು. ಬೀದಿಯಲ್ಲಿ ಗಾಡಿಗಳ ಗರ್ಜನೆ ಎಷ್ಟಾಯಿತೆಂದರೆ, ಎದುರು ಮನೆಯ ಮುದುಕಿ ತನ್ನ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆಯೆಂದು ಪೊಲೀಸರಿಗೆ ದೂರು ಕೊಟ್ಟಳು. ಅಧಿಕಾರಿ ಧಾಹಿಯು ಇಬ್ಬರು ಪೇದೆಗಳೊಡನೆ ಬಂದನು. ದಲ್ಮೂಕನ ಮುಖ ಬಿಳಿಚಿತು. ಕಾಫಿ ಬಂತು. ಧಾಹಿಯು ಗಂಟಲು ಸರಿಮಾಡಿಕೊಂಡು ಪೇದೆಗಳಿಗೆ, "ನೀವು ಹೊರಗಡೆ ಹೋಗಿ ಆ ಕೋಳಿಗಳನ್ನ ವಿಚಾರಿಸಿ" ಎಂದು ಹೇಳಿ, ಅವರು ಹೋದ ಮೇಲೆ ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟನು.

"ನನ್ನ ಸ್ವಂತ ಗಾಡಿ ಅದು," ಎಂದನು ಪಿಸುದನಿಯಲ್ಲಿ, "ಸರ್ಕಾರದ್ದಲ್ಲ."

"ಚಿಕ್ಕದು ಸಾಕು, ಸಾಹೇಬ್ರೆ."

ಹೀಗೆ ವರ್ಷ ಕಳೆದು ಮತ್ತೆ ಚಳಿಗಾಲ ಬಂತು. ದಲ್ಮೂಕನ ಒಬ್ಬಳೇ ಮಗಳು ಔಶಾಳಿಗೆ ಮೇವಿನ ವ್ಯಾಪಾರಿ ಖಲ್ಫಾನನ ಮಗನೊಡನೆ ಮದುವೆ ಗೊತ್ತಾಗಿತ್ತು. ಖಲ್ಫಾನನು ಒಳ್ಳೆಯ ಮನುಷ್ಯನೇ. ಆದರೆ ಸೋಲೆಂಬುದು ಅವನಿಗೆ ಒಗ್ಗುತ್ತಿರಲಿಲ್ಲ. ಕೆನ್ನೆಗೂದಲನ್ನು ಒಂದಿಷ್ಟು ಗಿಡ್ಡ ಮಾಡಿದನೆಂದು ಕ್ಷೌರಿಕನ ಜೊತೆ ಅವನು ಮಾತು ಬಿಟ್ಟಿದ್ದನು. ಆ ವರ್ಷ ಅವನೂ ಗಾಡಿ ಕಟ್ಟಿದ್ದನು. ಒಂದು ಸಂಜೆ ಬೀಗರ ಮನೆಗೆ ಬಂದು, ಬಟ್ಟಲು ಇಟ್ಟನು.

"ಕುಡೀರಿ ಬೀಗರೆ, ಕೊಟ್ಟಾಯಿತು" ಎಂದನು ದಲ್ಮೂಕ.

"ನನಗೆ ನೀವೇ ಟರ್ಬೊ ಆರಿಸಬೇಕು. ಗಾನಿಮ ಹಾಕಿರೋ ಸೈಜು ನನಗೆ ಬೇಡ. ಅವನು ತೊಟ್ಟ ಅಂಗಿ ನಾನು ತೊಡೋನಲ್ಲ. ಪಂದ್ಯದಲ್ಲಿ ಅವನ ಗಾಡಿ ನನ್ನ ಗಾಡಿಗಿಂತ ಒಂದು ಗೇಣು ಮೇಲೆ ಹೋಗಬಾರದು. ಹೋದ್ರೆ ಆ ಮುಖ ಹೊತ್ಕೊಂಡು ನಾನು ಮದುವೆ ಚಪ್ಪರದಲ್ಲಿ ನಿಲ್ಲೋದು ಆಗದ ಮಾತು." ಇಷ್ಟು ಹೇಳಿ ಅವನು ಕಾಫಿಯನ್ನು ಸವಿದು ಕುಡಿದು ಹೋದನು.

ಮರುದಿನ ಬೆಳಗ್ಗೆ ಗಾನಿಮನು ಬಂದನು. ದಲ್ಮೂಕನು ಮಾತಾಡಬಾರದೆಂದು ತುಟಿ ಕಚ್ಚಿಕೊಂಡೇ ಕೂತಿದ್ದನು. ಆದರೆ ಗಾನಿಮನ ಬಟ್ಟಲು ನೆಲಕ್ಕೆ ತಗುಲಿದ ಸದ್ದು ಕೇಳಿದೊಡನೆ ಅವನ ನಾಲಿಗೆ ಅವನ ಮಾತು ಕೇಳಲಿಲ್ಲ.

"ಭಾವ," ಎಂದನು ಗಾನಿಮ, "ಈ ಸಲ ಗಾಳಿ ಬೀಸಿ ದಿಬ್ಬ ಎತ್ತರ ಆಗಿದೆ. ನಾನು ಇರೋ ಟರ್ಬೊನೇ ಇಟ್ಕೊಳ್ಳೋದಾ, ಬದಲಾಯಿಸೋದಾ, ಅದು ನಿಮ್ಮ ಇಷ್ಟ. ನನಗೆ ಬೇಕಾಗಿರೋದು ಒಂದೇ. ಆ ಮೇವಿನ ಖಲ್ಫಾನ ನನಗಿಂತ ಮೇಲೆ ಹೋಗಬಾರದು. ಹೋದ್ರೆ ನಾನು ಈ ಹೊಸ್ತಿಲು ತುಳಿಯೋಲ್ಲ, ತಂಗಿ ಬೇಜಾರು ಮಾಡ್ಕೊಂಡ್ರೂ ಸರಿ."

ಅಣ್ಣನು ಬೀದಿ ದಾಟುವುದನ್ನೇ ಕಾಯುತ್ತಿದ್ದ ದಲ್ಮೂಕನ ಹೆಂಡತಿ ಸಲಾಮಾ ಪರದೆಯ ಹಿಂದಿನಿಂದ ಹೊರಗೆ ಬಂದಳು. ಅವಳ ಮಾತು ಗೋಡೆಯಾಚೆ ನನಗೆ ಸ್ಪಷ್ಟವಾಗಿ ಕೇಳಿತು.

"ಔಶಾಳ ಅಪ್ಪ, ಒಂದೇ ದಿಬ್ಬದ ತುದೀನ ಇಬ್ಬರಿಗೂ ದಾನ ಮಾಡಿದ್ರಲ್ಲ, ಅದೇನು ನಿಮ್ಮಪ್ಪ ನಿಮಗೆ ಬಿಟ್ಟುಹೋದ ಆಸ್ತಿನಾ?"

"ಬಟ್ಟಲು ಇಟ್ಟುಬಿಟ್ರು, ನಾನೇನು ಮಾಡ್ಲಿ?"

"ನಾಳೆ ಯಾರಾದ್ರೂ ಬಂದು ಬಟ್ಟಲು ಇಟ್ಟು ನನ್ನನ್ನೇ ಕೇಳಿದ್ರೆ?"

"ಹಾಗೆ ಯಾರು ಕೇಳ್ತಾರೆ," ಎಂದನು ದಲ್ಮೂಕ, ಸಮಾಧಾನ ಹೇಳುವ ಧ್ವನಿಯಲ್ಲಿ. ಆ ದಿನ ಅವನಿಗೆ ಊಟ ನಮ್ಮ ಮನೆಯಲ್ಲಾಯಿತು.

ಊಟದ ನಡುವೆ ಅವನು ನನ್ನ ಸಲಹೆ ಕೇಳಿದನು. ಬೀಗ ಗೆದ್ದರೆ ಭಾವ ಹೋದ. ಭಾವ ಗೆದ್ದರೆ ಮಗಳ ಮದುವೆ ಹೋಯಿತು. ಇಬ್ಬರಿಗೂ ಮಾತು ಕೊಟ್ಟದ್ದು ಬಯಲಾದರೆ ಅವನ ಮನೆಯ ಕಾಫಿಯನ್ನು ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ನಿಜ ಹೇಳಿಬಿಡೆಂದು ನಾನೆಂದೆ. ಅವನು ಅನ್ನವನ್ನು ಕಲಸುತ್ತ ಕುಳಿತು, "ಮಕ್ಕಾ ಯಾತ್ರೆಗೆ ಹೋಗಿಬಿಡಲೇ ಅಣ್ಣ, ಪಂದ್ಯ ಮುಗಿಯೋವರೆಗೆ?" ಎಂದನು. ಸಾಲ ಕೊಟ್ಟವನಿಂದ ಅಡಗುವವನ ಹಾಗೆ ದೇವರ ಮನೆಗೆ ಓಡುವುದು ತಪ್ಪೆಂದು ನಾನು ಗದರಿಸಿದೆ. ಗೋಡೆಯಾಚೆಯಿಂದ ಸಲಾಮಾ, "ಹೋಗ್ಲಿ ಬಿಡಿ ಹಿರಿಯರೆ. ಅಲ್ಲೂ ಯಾರಾದ್ರೂ ಬಟ್ಟಲು ಇಡ್ತಾರೆ" ಎಂದಳು.

ಕೊನೆಗೆ ಅವನು ಹಗೊಪನ ಗ್ಯಾರೇಜಿಗೆ ಹೋದನು. ಜೊತೆಗೆ ನಾನೂ ಹೋದೆ. ಹಗೊಪನು ಎದ್ದು ನಿಂತು, ಕೈಯೊರೆಸಿಕೊಂಡು, ತನ್ನ ಸ್ವಂತ ಕುರ್ಚಿಯನ್ನು ಕೊಟ್ಟನು. ಅವನ ಅಂಗಡಿ ಅಷ್ಟು ಬೆಳೆದದ್ದು ದಲ್ಮೂಕನ ಹೆಸರಿನಿಂದಲೇ.

"ಹೇಳಿ ಗುರುಗಳೆ. ಗಾನಿಮ್ ಸಾಹೇಬ್ರಿಗೆ ಯಾವುದು, ಖಲ್ಫಾನ್ ಸಾಹೇಬ್ರಿಗೆ ಯಾವುದು?"

ಎದುರಿಗೆ ಮತ್ತೆ ಚಿಕ್ಕದೊಂದು, ದೊಡ್ಡದೊಂದು. ಚಿಕ್ಕದೇ ಗೆಲುವೆಂದು ದಲ್ಮೂಕನು ಇಷ್ಟರಲ್ಲಿ ತಾನೇ ನಂಬಿದ್ದನು. ಅದನ್ನು ಇಬ್ಬರಿಗೂ ಕೊಡುವಂತಿಲ್ಲ; ಅದೇ ಸೈಜು ಬೇಡವೆಂದು ಖಲ್ಫಾನನು ಹೇಳಿಹೋಗಿದ್ದಾನೆ. ಅವನು ತುಂಬ ಹೊತ್ತು ಎರಡನ್ನೂ ನೋಡಿದನು. ಹಗೊಪನು ಉಸಿರು ಬಿಗಿಹಿಡಿದು ಅವನನ್ನು ನೋಡಿದನು. ಯೋಚನೆ ಎಲ್ಲಿಯೂ ತಲುಪದಿದ್ದಾಗ ದಲ್ಮೂಕನು ತನಗೆ ಗೊತ್ತಿದ್ದ ಒಂದೇ ಶಾಸ್ತ್ರಕ್ಕೆ ಮರಳಿದನು. ಗಾನಿಮನು ಮನೆಯವನು. ಖಲ್ಫಾನನು ಬೀಗ. ಬೀಗರಿಗೆ ಚಿಕ್ಕ ತುಂಡನ್ನು ಬಡಿಸುವುದುಂಟೆ?

"ದೊಡ್ಡದು ಬೀಗರಿಗೆ. ಮನೆಯವನಿಗೆ ಇರೋದೇ ಸಾಕು" ಎಂದನು.

"ಅಬ್ಬಾ," ಎಂದನು ಹಗೊಪ. "ಯಾಕೆ ಅಂತ ಕೇಳಬಹುದಾ?"

"ಕೇಳಬೇಡ" ಎಂದನು ದಲ್ಮೂಕ. ಅದು ಅವನ ಮನಸ್ಸಿನಾಳದಿಂದ ಬಂದ ಮಾತು.

ಪಂದ್ಯದ ದಿನ ಊರೆಲ್ಲ ಹದಬಾ ದಿಬ್ಬದ ಬುಡದಲ್ಲಿ ಚಾಪೆ ಹಾಸಿ ಕೂತಿತ್ತು. ಧಾಹಿಯೇ ಪಂಚ. ದಲ್ಮೂಕನು ಸಲಾಮಾಳಿಗೆ ಕಾಣದಂತೆ ನನ್ನ ಬೆನ್ನ ಹಿಂದೆ ನಿಂತನು. ಆ ವರ್ಷದ ದಿಬ್ಬವನ್ನು ಅಲ್ಲಿಯವರೆಗೆ ಒಬ್ಬರೂ ಅರ್ಧ ಹತ್ತಿರಲಿಲ್ಲ. ಕೊನೆಗೆ ಗಾನಿಮನನ್ನೂ ಖಲ್ಫಾನನನ್ನೂ ಅಕ್ಕಪಕ್ಕ ಬಿಟ್ಟರು.

ಗಾನಿಮನ ಗಾಡಿಗೆ ತಕ್ಷಣ ಎಚ್ಚರವಾಯಿತು, ಬಾಣದಂತೆ ಏರಿತು. ಖಲ್ಫಾನನದು ಹೊಟ್ಟೆತುಂಬ ಮೇವು ತಿಂದ ಒಂಟೆಯ ಹಾಗೆ ಬುಡದಲ್ಲಿಯೇ ಗೊಣಗುತ್ತ ತೆವಳಿತು. ಜನ ನಕ್ಕರು. ನನ್ನ ಬೆನ್ನ ಹಿಂದಿನಿಂದ, "ಹೋಯ್ತು ಅಣ್ಣ, ಮದುವೆ ಹೋಯ್ತು" ಎಂಬ ಧ್ವನಿ ಕೇಳಿತು. ಅಷ್ಟರಲ್ಲಿ ಗಾನಿಮನ ಗಾಡಿ ಮುಕ್ಕಾಲು ಏರಿ, ಉಸಿರು ಕಟ್ಟಿ, ಏದುಸಿರು ಬಿಡತೊಡಗಿತು. ಅದೇ ಕ್ಷಣಕ್ಕೆ ಖಲ್ಫಾನನ ದೊಡ್ಡ ಟರ್ಬೊಗೆ ನಿದ್ದೆ ತಿಳಿಯಿತು. ಗುಡುಗಿನಂತಹ ಒಂದು ಸದ್ದು. ಗಾಡಿ ಮರಳನ್ನು ಚಿಮ್ಮಿಸುತ್ತ ಹಾರಿ ಮೇಲೇರಿತು. "ಹೋಯ್ತು ಅಣ್ಣ, ಭಾವ ಹೋದ" ಎಂದಿತು ಬೆನ್ನ ಹಿಂದಿನ ಧ್ವನಿ. ಆದರೆ ಆ ಬಲಕ್ಕೆ ಚಕ್ರಗಳು ಮರಳನ್ನು ತೋಡಿ ತೋಡಿ ತಾವೇ ಹೂತುಕೊಂಡವು. ಧೂಳು ಇಳಿದಾಗ ಎರಡೂ ಗಾಡಿಗಳು ದಿಬ್ಬದ ಮುಕ್ಕಾಲಿನಲ್ಲಿ, ಪಕ್ಕಪಕ್ಕದಲ್ಲಿ, ಹೊಟ್ಟೆಯವರೆಗೆ ಮರಳಿನಲ್ಲಿ ಕುಳಿತಿದ್ದವು. ಒಳಗಿನ ಇಬ್ಬರೂ ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಯಾರು ಮೇಲೆ? ಜನರೆಲ್ಲ ಎದ್ದು ನಿಂತರು. ಧಾಹಿಯು ಬೆವರು ಸುರಿಸುತ್ತ ಹತ್ತಿ, ಎರಡು ಬಾನೆಟ್ಟುಗಳ ಮೇಲೆ ಅಡ್ಡಲಾಗಿ ಒಂದು ಹಲಗೆಯನ್ನು ಇಟ್ಟು, ಅದರ ಮೇಲೆ ಅರ್ಧ ನೀರಿದ್ದ ಬಾಟಲಿಯನ್ನು ಮಲಗಿಸಿದನು. ನೀರು ಆ ಕಡೆ ಒಮ್ಮೆ ಹೊರಳಿತು, ಈ ಕಡೆ ಒಮ್ಮೆ ಹೊರಳಿತು, ಆಮೇಲೆ ಸಮವಾಗಿ ನಿಂತಿತು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದು ಅವನು ಮೇಲಿನಿಂದ ಕೂಗಿದನು.

ಗಾಡಿಗಳನ್ನು ಬಿಟ್ಟು ಬರಲು ಮನಸ್ಸಾಗದೆ, ಎಳೆಯುವವರನ್ನು ಕಾಯುತ್ತ ಇಬ್ಬರೂ ಅಲ್ಲಿಯೇ ಕುಳಿತರು. ಬಿಸಿಲಿಗೆ ಜಗಳವಾಡುವ ಶಕ್ತಿಯೂ ಉಳಿಯದೆ ಅವರು ಮಾತಿಗೆ ತೊಡಗಿದರು. ನಿನಗೆ ಇದನ್ನು ಯಾರು ಆರಿಸಿದರು, ನಿನಗೆ ಯಾರು ಆರಿಸಿದರು, ನಿನಗೆ ಏನೆಂದು ಮಾತು ಕೊಟ್ಟಿದ್ದರು ಎಂದೆಲ್ಲ, ಆಮೇಲೆ ಅವರೇ ಹೇಳಿದ್ದು. ಅಷ್ಟು ದೂರದಿಂದ ನಮಗೆ ಮಾತು ಕೇಳಲಿಲ್ಲ. ಇಬ್ಬರ ತಲೆಗಳೂ ಒಟ್ಟಿಗೆ ನಮ್ಮ ಕಡೆಗೆ ತಿರುಗಿದುದು ಮಾತ್ರ ಕಂಡಿತು. "ಗೊತ್ತಾಯ್ತು" ಎಂದನು ದಲ್ಮೂಕ.

ಅವರು ಕಾಲು ಹೂತುಕೊಳ್ಳುತ್ತ ಇಳಿದು, ನೇರವಾಗಿ ನಮ್ಮ ಮುಂದೆ ಬಂದು ನಿಂತರು. ಜನ ಸುತ್ತುಗಟ್ಟಿದರು. ದಲ್ಮೂಕನು ನನ್ನ ಹಿಂದಿನಿಂದ ಹೊರಗೆ ಬಂದನು. ಯಾರೂ ಎಳೆಯಲಿಲ್ಲ, ತಾನೇ ಬಂದನು.

"ತಪ್ಪಾಯ್ತು," ಎಂದನು. "ನನಗೆ ಟರ್ಬೊ ಅಂದ್ರೆ ಏನೂಂತ ಗೊತ್ತಿಲ್ಲ. ಆವತ್ತು ನಾನು ನಿದ್ದೇಲಿದ್ದೆ. ಅದನ್ನ ಮಾಂಸ ಅಂದ್ಕೊಂಡು ಚಿಕ್ಕದು ತಗೊಂಡೆ. ದೇವರಾಣೆಗೂ ಇದೇ ನಿಜ."

ಮೊದಲು ಬಾಯಿ ತೆರೆದವನು ಖಲ್ಫಾನ.

"ಗಾನಿಮ ನನಗಿಂತ ಮೇಲೆ ಹೋಗಬಾರದು ಅಂತ ಕೇಳಿದ್ದೆ. ಹೋದನಾ?"

"ಇಲ್ಲ" ಎಂದರು ಜನ.

"ನೀನು ನನಗಿಂತ ಮೇಲೆ ಹೋಗಬಾರದು ಅಂತ ನಾನು ಕೇಳಿದ್ದೆ" ಎಂದನು ಗಾನಿಮ. "ಹೋದೆಯಾ?"

"ಇಲ್ಲ" ಎಂದರು ಜನ.

"ಒಂದು ಗಾಡಿಗೆ ಟರ್ಬೊ ಆರಿಸೋರು ದುಬೈಯಲ್ಲಿ ಬೇಕಾದಷ್ಟು ಜನ ಇದ್ದಾರೆ," ಎಂದು ಹಗೊಪನು ಜನರನ್ನು ಸರಿಸಿಕೊಂಡು ಮುಂದೆ ಬಂದನು. "ಎರಡು ಬೇರೆ ಬೇರೆ ಗಾಡಿಗೆ ಎರಡು ಬೇರೆ ಬೇರೆ ಚಿಪ್ಪು ಆರಿಸಿ, ಒಂದೇ ಮಟ್ಟದಲ್ಲಿ ನಿಲ್ಲಿಸೋರನ್ನ ನಾನು ಎಲ್ಲೂ ನೋಡಿಲ್ಲ. ಯಾಕೆ ಅಂತ ಕೇಳಿದೆ. ಕೇಳಬೇಡ ಅಂದ್ರು."

"ಆದ್ರೆ ನಾನು ಮಾಂಸ ಅಂದ್ಕೊಂಡಿದ್ದೆ" ಎಂದನು ದಲ್ಮೂಕ.

"ಕೇಳಿ, ಎಂಥ ವಿನಯ," ಎಂದನು ಧಾಹಿ, ಟೋಪಿ ತೆಗೆದು. "ದೊಡ್ಡವರು ಹೀಗೇನೇ."

"ಕುರಿಮಾಂಸ, ಸಾಹೇಬ್ರೆ. ಅಲ್ಲಿ ಕತ್ತಲೆ ಇತ್ತು."

ಅಷ್ಟರಲ್ಲಿ ಬೀಗನೂ ಭಾವನೂ ಅವನನ್ನು ಎರಡು ಕಡೆಯಿಂದ ತಬ್ಬಿ ಮೂಗಿಗೆ ಮೂಗು ತಾಗಿಸುತ್ತಿದ್ದರಾಗಿ ಮುಂದಿನ ಮಾತು ಹೊರಗೆ ಬರಲಿಲ್ಲ. ಅವನು ಅವರ ಭುಜಗಳ ನಡುವಿನಿಂದ ನನ್ನ ಕಡೆ ನೋಡಿದನು. ಸಾಕ್ಷಿ ಹೇಳಬೇಕೆಂದು ನಾನೂ ಬಾಯಿ ತೆರೆದೆ. "ಹೌದಪ್ಪಾ, ಅವನು ನನಗೂ ಹಾಗೇ ಹೇಳಿದ್ದ" ಎಂದೆ. "ನೋಡಿದ್ರಾ," ಎಂದರು ಜನ, "ಪಕ್ಕದ ಮನೆಯವರಿಗೂ ಗುಟ್ಟು ಬಿಟ್ಟುಕೊಟ್ಟಿಲ್ಲ."

ಮದುವೆ ಆ ತಿಂಗಳೇ ನಡೆಯಿತು. ಚಪ್ಪರದಲ್ಲಿ ಗಾನಿಮನೂ ಖಲ್ಫಾನನೂ ಕೋಲು ಹಿಡಿದು ಒಂದೇ ಸಾಲಿನಲ್ಲಿ ಕುಣಿದರು. ಆಮೇಲೆ ಬದುಕಿದ್ದಷ್ಟು ಕಾಲವೂ ದಲ್ಮೂಕನು ಬಂದವರಿಗೆಲ್ಲ ನಿಜವನ್ನೇ ಹೇಳಿದನು. ಕೇಳಿ ಕೇಳಿ ನಮ್ಮೂರಿನವರು ಕೊನೆಗೆ ನಂಬಿ ನಕ್ಕರು; ದೂರದ ಊರಿನವರು ಮಾತ್ರ ಹೇಳಿದಷ್ಟೂ ಹೆಚ್ಚಾಗಿ ಬಂದರು. ನನ್ನನ್ನು ಬಿಟ್ಟರೆ, ಮೊದಲಿನಿಂದಲೂ ಅವನನ್ನು ನಂಬಿದವಳು ಸಲಾಮಾ ಒಬ್ಬಳೇ. "ನಾನು ಮಾಡಿದ ಮಾಂಸ ಯಾವುದು, ಕಬ್ಬಿಣ ಯಾವುದು ಅಂತ ಇವರಿಗೆ ಇವತ್ತಿಗೂ ಗೊತ್ತಾಗಲ್ಲ" ಎನ್ನುತ್ತಿದ್ದಳು.

ಮೊನ್ನೆ ಅವನನ್ನು ಮಣ್ಣಿಗೆ ಇಳಿಸುವಾಗ ಗುಂಡಿಯೊಳಗೆ ಇಳಿದು ದೇಹವನ್ನು ಎತ್ತಿಕೊಳ್ಳಲು ಇಬ್ಬರು ಬೇಕಾಗಿದ್ದರು. ಗಂಡುಮಕ್ಕಳಿಲ್ಲದ ಮನೆ, ಯಾರೆಂದು ನಾನು ಸುತ್ತ ನೋಡುವಷ್ಟರಲ್ಲಿ ಗಾನಿಮನು ತಲೆಯ ಕಡೆ, ಖಲ್ಫಾನನು ಕಾಲಿನ ಕಡೆ ಇಳಿದು ನಿಂತಿದ್ದರು. ವಯಸ್ಸಾದ ಕೈಗಳು, ಆದರೂ ಅಲುಗಿಸದೆ, ಓರೆಯಾಗಗೊಡದೆ ಮಲಗಿಸಿದರು. ಖಲ್ಫಾನನು ಮೇಲೆ ಬರಲಾರದೆ ಕುಸಿದಾಗ ಅವನನ್ನು ಕೆಳಗಿನಿಂದ ತಳ್ಳಿ ಹತ್ತಿಸಿದವನು ಗಾನಿಮ.

ಕರುಣಾಳು ದೇವರೇ, ನಿನ್ನ ದಾಸ ದಲ್ಮೂಕನು ನಿನ್ನ ಬಳಿಗೆ ಬಂದಿದ್ದಾನೆ. ಅವನು ಬಲ್ಲದ್ದೆಷ್ಟೆಂಬುದನ್ನು ನೀನು ಬಲ್ಲೆ. ಅವನ ತಪ್ಪುಗಳನ್ನು ಮನ್ನಿಸು. ಅವನ ಗೋರಿಯನ್ನು ವಿಶಾಲ ಮಾಡು, ಅದರಲ್ಲಿ ಬೆಳಕಿಡು. ಅವನ ಸಲಾಮಾಳಿಗೆ ತಾಳ್ಮೆಯನ್ನು ಕೊಡು, ಔಶಾಳ ಮನೆಯನ್ನು ಕಾಪಾಡು. ಅಲ್ಲಿ ಅವನನ್ನು ಯಾರೂ ಏನನ್ನೂ ಕೇಳದಿರಲಿ. ನಿಶ್ಚಿಂತನಾಗಿ ನಿದ್ದೆ ಮಾಡಲಿ. ಆಮೀನ್.